ಕೊನೆಯ ಅಧ್ಯಾಯದ ಮಳೆ

ಸ್ಯಾಂಟೋ ಡೊಮಿಂಗೊದ ಆ ಸಲೂನಿನಲ್ಲಿ ತಲೆ ಒಣಗಿಸುವ ಯಂತ್ರದಡಿ ಕೂತವರಿಗೆ ತಮ್ಮ ದನಿ ತಮಗೇ ಕೇಳದು. ಹಾಗಾಗಿ ಅವರ ಗುಟ್ಟೆಲ್ಲ ಊರಿಗೇ ಕೇಳುತ್ತದೆ. ಸರದಿಗೆ ಕಾದಿದ್ದ ನೆರೇಯ್ಡಾಳ ಕಿವಿ ನಿಮಿರಿತು.

“ನನ್ನ ಕಾದಂಬರಿ ಓದಿದ್ಯಾ ಅಕ್ಕಾ?” ತೊಡೆಯ ಮೇಲೆ ಹಾಳೆಗಳ ಕಟ್ಟು ಇಟ್ಟುಕೊಂಡಿದ್ದ ಯೊಕಾಸ್ಟಾ ಅರಚಿದಳು.

“ಓದ್ದೆ. ಕೊನೇ ಅಧ್ಯಾಯ ಶುದ್ಧ ಸುಳ್ಳು,” ಅಂದಳು ಪಕ್ಕದ ಯಂತ್ರದಡಿಯಿಂದ ಅಕ್ಕ ಮಿಲೇಡಿಸ್.

“ಏಳು ಸಲ ತಿದ್ದಿದೀನಿ!”

“ಹುಡುಗಿ ಈಗ ತಾನೇ ಸಲೂನಲ್ಲಿ ಕೂದಲು ನೇರ ಮಾಡಿಸ್ಕೊಂಡು ಬಂದಿದಾಳೆ. ಒಂದು ಹನಿ ಬಿದ್ರೂ ಮತ್ತೆ ಗುಂಗುರಾಗೋ ಕೂದಲು. ಹಾಗಿದ್ದೂ ಜೋರು ಮಳೇಲಿ ನಿಂತ್ಕೊಂಡು ಮುತ್ತು ಕೊಡ್ತಾಳಾ?”

“ಅದು ಪ್ರೇಮ ಕಣಕ್ಕಾ! ಪ್ರೇಮದ ಮುಂದೆ ಕೂದಲು ಯಾವ ಲೆಕ್ಕ?”

“ಯಾವ ದೇಶದವಳೇ ನಿನ್ನ ನಾಯಕಿ? ನಮ್ಮೋಳಾಗಿದ್ರೆ ತಲೆಗೆ ಪ್ಲಾಸ್ಟಿಕ್ ಚೀಲ ಹಾಕ್ಕೊಂಡು ಓಡ್ತಿದ್ಲು.”

“ಒಂದಕ್ಷರಾನೂ ಬದಲಾಯಿಸಲ್ಲ. ನಾಳೇನೇ ಪ್ರಕಾಶಕರಿಗೆ ಕಳಿಸ್ತೀನಿ.”

ಕೆಲಸ ಮುಗಿದು ಎದ್ದಾಗ ಇಬ್ಬರ ಕೂದಲೂ ರೇಷ್ಮೆಯಂತೆ ನೇರವಾಗಿ ಇಳಿಬಿತ್ತು. ಬಾಗಿಲು ತೆರೆದರೆ ಹೊರಗೆ ಧೋ ಎಂದು ಮಳೆ. ಯೊಕಾಸ್ಟಾಳನ್ನು ಮದುವೆಯಾಗಲಿರುವ ಹುಡುಗ ತೊಯ್ದು ತೊಪ್ಪೆಯಾಗಿ, ನಗುತ್ತ, ಎರಡೂ ತೋಳು ಚಾಚಿ ನಿಂತಿದ್ದ.

“ಅಯ್ಯೋ, ಮುಟ್ಟಬೇಡ್ವೋ!” ಎಂದವಳೇ ಯೊಕಾಸ್ಟಾ ಕಾದಂಬರಿಯನ್ನೇ ತಲೆಯ ಮೇಲೆ ಹಿಡಿದು, ಅವನನ್ನು ದಾಟಿ ಕಾರಿನತ್ತ ಓಡಿದಳು.

ಮಿಲೇಡಿಸ್ ತಲೆಗೆ ಪ್ಲಾಸ್ಟಿಕ್ ಚೀಲ ಬಿಗಿದುಕೊಂಡು ಅವಳ ಹಿಂದೆಯೇ ಮಳೆಗಿಳಿದು ಕೂಗಿದಳು:

“ಹಾಂ! ಹೀಗೇ ಬರಿ ಕಣೇ!”