ಮುಂದಿನ ಪ್ಯಾಡು ಸವೆದ ಕಾರಣ

ಹಲೋ… ಹಾಂ, ಯಾರು ಮಾತಾಡ್ತಿರೋದು?…

ಗ್ಯಾರೇಜಿಂದನಾ? ಸರಿ, ಸರಿ. ಆ ಬಿಳಿ ಕಾರು ನಮ್ಮದೇ. ಬೆಳಿಗ್ಗೆ ತಂದು ಬಿಟ್ಟವಳು ನನ್ನ ಹೆಂಡತಿ. ಕತ್ತಿಗೆ ಪಟ್ಟಿ ಹಾಕಿಕೊಂಡಿರೋಳು. ಅಲ್ಲೇ ಬೆಂಚಿನ ಮೇಲಿದಾಳೆ ಅಲ್ವಾ?… ಇರಲಿ, ಕೆಲಸ ಮುಗಿಯೋತನಕ ಏಳಬೇಡ ಅಂತ ಹೇಳೇ ಕಳಿಸಿದೀನಿ. ನೀವು ಫೋನು ಮೇಸ್ತ್ರಿಗೆ ಕೊಡಿ, ಮೇಡಂ…

ಹೆಂಗಸರಾಗಿ ನೀವೇನಾ ಮೇಸ್ತ್ರಿ?… ಬ್ರೇಕಿನ ಕೆಲಸ ನೀವೇ ಮಾಡೋದಾ? ಎಷ್ಟು ವರ್ಷದಿಂದ?… ಇಪ್ಪತ್ತೆರಡು. ಇರಲಿ ಬಿಡಿ, ಕಾಲ ಹಾಗಿದೆ. ಏನು ಕಂಡುಹಿಡಿದ್ರಿ, ಹೇಳಿ…

ಮುಂದಿನ ಎರಡೂ ಪ್ಯಾಡು ಮುಗಿದುಹೋದ್ವಾ? ಎಷ್ಟು ಉಳಿದಿದೆ?… ಎರಡು ಮಿಲಿಮೀಟರ್. ಡಿಸ್ಕೂ ಕಾದು ಕಾದು ನೀಲಿಗೆ ತಿರುಗಿದೆ. ಹಿಂದಿನವು?… ಹೊಸದರ ಹಾಗೇ ಇವೆ. ನೋಡಿ ಮತ್ತೆ. ಬರೀ ಏಳು ಸಾವಿರ ಕಿಲೋಮೀಟರ್ ಓಡಿರೋ ಗಾಡಿ. ಮಾಲೇ ಸರಿಯಿಲ್ಲ ಅಂತ ಕಂಪನಿಗೆ ಬರೆದು ಹಾಕಿ, ಹೊಸ ಪ್ಯಾಡು ಪುಕ್ಕಟೆ ಕಳಿಸ್ತಾರೆ…

ಹಾಗಲ್ವಾ? ನಿಮ್ಮ ಕಾಗದದಲ್ಲಿ ಸವೆದ ಕಾರಣ ಬರೆಯೋಕೆ ಬೇರೆ ಜಾಗ ಇದೆಯಾ? ಗಾಡಿಯವರು ಹೇಳಿದ್ದನ್ನ ಅವರ ಮಾತಲ್ಲೇ ಬರೀಬೇಕಾ? ಸರಿ, ಆಮೇಲೆ ಹೇಳ್ತೀನಿ. ಟೈರೂ ಬದಲಿಸಬೇಕಲ್ಲ, ಅದರ ಕಥೆ ಹೇಳಿ…

ಹಾಂ… ಹಾಂ… ಗಟ್ಟಿ ರಬ್ಬರಿನದು ಐವತ್ತು ಸಾವಿರ ಬಾಳುತ್ತೆ, ಮೆತ್ತಗಿನದು ಅದರರ್ಧವೂ ಬರಲ್ಲ, ಆದರೆ ರಸ್ತೆ ಕಚ್ಚಿ ಹಿಡಿಯುತ್ತೆ. ಮೆತ್ತಗಿನದೇ ಹಾಕಿ. ಈ ಗಾಡಿ ನಾನು ತಗೊಂಡಿದ್ದು ತರಕಾರಿ ತರೋಕಲ್ಲ. ಕಾಲಿಟ್ಟ ಜಾಗದಲ್ಲೇ ನಿಲ್ಲಬೇಕು…

ಹಾಗೆ ನಿಂತರೆ ಪಕ್ಕದಲ್ಲಿ ಕೂತವರಿಗೆ ಪೆಟ್ಟಾಗುತ್ತಾ? ಬೆಲ್ಟು ಇರೋದು ಯಾತಕ್ಕೆ ಮತ್ತೆ?…

ಅವಳ ಕತ್ತಿಗೇನಾಯ್ತು ಅಂತ ಕೇಳ್ತೀರಾ? ಬಚ್ಚಲಲ್ಲಿ ಜಾರಿ ಬಿದ್ದಳು. ನಮ್ಮಮ್ಮನೂ ಅದನ್ನೇ ಹೇಳ್ತಾರೆ, ಬೇಕಿದ್ರೆ ಕೇಳಿ… ಓ, ನಿಮ್ಮ ಹತ್ರಾನೂ ಶುರು ಹಚ್ಚಿಕೊಂಡಳಾ? ನಾನು ಬ್ರೇಕ್ ಹಾಕಿದ್ದಕ್ಕೇ ಕತ್ತು ಹೋಯ್ತು ಅಂತ ಸಿಕ್ಕಸಿಕ್ಕವರಿಗೆಲ್ಲ ಇದೇ ಪುರಾಣ. ಅವಳ ಅಣ್ಣನಿಗೂ ಹೇಳಿದ್ದಳು. ಅವನು ಬಂದ ಕಳೆದ ಭಾನುವಾರ. ಪಕ್ಕದಲ್ಲಿ ಕೂರಿಸಿಕೊಂಡು ಒಂದು ಗಂಟೆ ಸುತ್ತಿಸಿದೆ, ಹೊಟ್ಟೆಯ ನೀರು ಅಲ್ಲಾಡದ ಹಾಗೆ. ಇಳಿದವನೇ ತಂಗಿಗೆ ಛೀಮಾರಿ ಹಾಕಿದ. ಚಿನ್ನದಂಥ ಗಂಡನ ಮೇಲೆ ಇಲ್ಲದ್ದು ಹುಟ್ಟಿಸ್ತೀಯಾ, ಆಧಾರ ಇದ್ರೆ ತಗೊಂಡು ಬಾ, ಇಲ್ಲದಿದ್ರೆ ನನ್ನ ಮನೆ ಮೆಟ್ಟಿಲು ಹತ್ತಬೇಡ ಅಂದ. ಅವಳಿಗೆ ಹೋಗೋಕೆ ಇರೋದು ಅದೊಂದೇ ಮನೆ. ಅವತ್ತಿಂದ ಬಾಯಿಗೆ ಬೀಗ ಬಿತ್ತು ಅಂದುಕೊಂಡಿದ್ದೆ…

ಹಾಂ, ಅದೇ, ಮನೆ ವಿಷಯ ನಿಮಗ್ಯಾಕೆ. ಕಾರಣ ತಾನೇ? ಬರೀರಿ… ಏನಂತ? ಇನ್ನೊಂದು ಸಲ ಓದಿ…

ಓಡಿಸುವವರು ಹೊಸಬರು, ಮುಂದಿನ ಗಾಡಿಗೆ ಹೆದರಿ ಮೇಲಿಂದ ಮೇಲೆ ಬ್ರೇಕ್ ಒತ್ತುತ್ತಾರೆ ಅಂತಾನಾ? ಹೆದರಿ? ನಾನಾ?… ಎಲ್ಲ ಕಲಿಯೋರ ಪ್ಯಾಡೂ ಹೀಗೇ ಇರುತ್ತಾ? ನೋಡಮ್ಮ, ನೀನು ಸ್ಪ್ಯಾನರ್ ಹಿಡಿಯೋಕೆ ಮುಂಚೆ ನಾನು ಸ್ಟೇರಿಂಗ್ ಹಿಡಿದಿದೀನಿ. ಇಷ್ಟು ವರ್ಷದಲ್ಲಿ ಒಂದು ಗೀರಿಲ್ಲ. ಆ ಸಾಲು ಹೊಡೆದುಹಾಕು…

ಮತ್ತೆ ಹೇಗೆ ಸವೆಯಿತು ಅಂದ್ರೆ? ನಾನೇ ಒತ್ತಿದೀನಿ. ಬೇಕು ಅಂತಲೇ. ಎದುರಿಗೆ ಒಂದು ನರಪಿಳ್ಳೆ ಇರಲ್ಲ, ಖಾಲಿ ರಸ್ತೆ, ಗೊತ್ತಾಯ್ತಾ? ಅವಳು ಹೊಲಿಗೆ ಕಾರ್ಖಾನೆಯಿಂದ ಬಂದು ಕೂತ ಹತ್ತು ನಿಮಿಷಕ್ಕೆ ತೂಕಡಿಸ್ತಾಳೆ. ನಾನೇನು ಅವಳ ಡ್ರೈವರಾ? ತಲೆ ಪೂರ್ತಿ ವಾಲೋತನಕ ಕಾಯ್ತೀನಿ. ಆಮೇಲೆ ಒಂದೇ ಸಲ. ಆ ಮುಖ ನೋಡಬೇಕು ನೀವು… ದಿನಾ ಇಲ್ಲ. ವಾರಕ್ಕೆ ಮೂರು ನಾಲ್ಕು ಸಲ. ಎದುರುತ್ತರ ಕೊಟ್ಟ ದಿನ ಇನ್ನೊಂದೆರಡು ಜಾಸ್ತಿ. ಗಾಡಿ ಗೆರೆ ಎಳೆದ ಹಾಗೆ ನಿಲ್ಲುತ್ತೆ, ಒಂದಂಗುಲ ಆಚೀಚೆ ಹೋಗಲ್ಲ. ಕಲಿಯೋರ ಕೈಲಿ ಆಗುತ್ತಾ ಅದು?…

ಸ್ಪೀಡು ಅರವತ್ತಲ್ಲ ರೀ, ತೊಂಬತ್ತು. ತೊಂಬತ್ತರಲ್ಲಿ…

ಏನದು ಸದ್ದು? ಬರೀತಿದೀರಾ?… ಏನು, ಪೂರ್ತಿನಾ?… ನನ್ನ ಮಾತಲ್ಲೇನಾ? ರೀ, ತಮಾಷೆಗೆ ಅಂದಿದ್ದು. ಗಂಡ ಹೆಂಡಿರ ಮಧ್ಯೆ ಹುಡುಗಾಟ ಇರಲ್ವಾ? ಮೊದಲಿನದನ್ನೇ ಬರೀರಿ, ಹೊಸಬ, ಹೆದರ್ತಾನೆ, ಅದೇ ಇರಲಿ. ಇದನ್ನ ಹರಿದುಹಾಕಿ… ಮೊಹರು ಬಿತ್ತಾ? ಒಂದು ಪ್ರತಿ ಗಾಡಿ ತಂದವರಿಗೆ ಕೊಡಲೇಬೇಕಾ? ಯಾವ ಕಾನೂನು ರೀ ಅದು?… ಫೋನು ಅವಳಿಗೆ ಕೊಡಿ. ಕೊಡಿ ಅಂದೆ…

ಹಾಂ, ನಾನು. ಊಟ ಆಯ್ತಾ?… ಆ ಕಾಗದ ಅಲ್ಲೇ ಮೇಜಿನ ಮೇಲಿಟ್ಟು ಸುಮ್ಮನೆ ಕೂತ್ಕೋ, ಜಾಣೆ ಅಲ್ವಾ ನೀನು… ಎಲ್ಲಿಗೆ?… ಅಣ್ಣ ಒಳಗೆ ಬಿಟ್ಕೊಳಲ್ಲ ಕಣೇ, ನಿಂಗೂ ಗೊತ್ತು… ನಾನು ಹೇಳಿದ ಮಾತೇ ಅದರಲ್ಲಿದೆ ಅಂತೀಯಾ… ಕತ್ತೆತ್ತಿ ಮಾತಾಡೋಷ್ಟು ವಾಸಿಯಾಯ್ತಾ ಕತ್ತು? ಅದನ್ನ ಮತ್ತೆ ನೋಡ್ಕೊಳೋಣ. ಅಲ್ಲೇ ಇರು, ಹತ್ತು ನಿಮಿಷದಲ್ಲಿ ಬಂದೆ…

ಯಾವುದರಲ್ಲಿ ಅಂದ್ರೆ?…

ಹಲೋ… ಏ, ಮಾತಾಡೇ… ಹಲೋ, ಯಾರು? ಮೇಡಂ, ಅವಳೆಲ್ಲಿ?… ಹೋದಳಾ? ಕಾಗದ?… ರೀ, ಓಡಿಹೋಗಿ ಹಿಡೀರಿ ಅವಳನ್ನ… ನಿಮ್ಮ ಕೆಲಸ ಬ್ರೇಕಿಂದು ಮಾತ್ರ ಅಂತೀರಾ. ಸರಿ, ಗಾಡಿ ಇಳಿಸಿ, ನಾನು ಆಟೋದಲ್ಲಿ ಬಂದು ತಗೊಂಡು ಹೋಗ್ತೀನಿ… ಹಳೇ ಟೈರೇ ಸಾಕು… ಪ್ಯಾಡಿಲ್ಲದೆ ಇಳಿಸಲ್ವಾ?… ಹೊಸ ಪ್ಯಾಡೂ ಹೊರಗಿಂದ ಬರಬೇಕಾ? ಯಾವಾಗ ಬರುತ್ತೆ?… ನಾಲ್ಕು ದಿನ… ರೀ, ಅವಳ ಅಣ್ಣನ ಮನೆ ಅಲ್ಲಿಂದ ಎರಡೇ ಬಸ್‌ಸ್ಟಾಪು, ನೀವು ಸ್ವಲ್ಪ ಅರ್ಥ ಮಾಡ್ಕೊಳಿ, ನಾನು ಹೇಳೋದು ಕೇಳಿ, ಇನ್ನೊಂದು ಕಾಗದದಲ್ಲಿ ಬೇರೆ ಥರ ಬರೆದು…