ಎಲೆಯಂಚಿನ ಉಪ್ಪಿನಕಾಯಿ

ಮೆಣಸಿನಕಾಯಿ ವ್ಯಾಪಾರದ ಒಂದೂರಲ್ಲಿ ಒಬ್ಬ ಸಾಹುಕಾರನಿದ್ದ. ದುಡ್ಡಿಗೂ ಬುದ್ಧಿಗೂ ತನ್ನಲ್ಲಿ ಬರವಿಲ್ಲ ಎಂದುಕೊಂಡಿದ್ದ. ಮೆಣಸಿನ ಘಾಟಿಗೆ ಅವನ ಕಣ್ಣು ಸದಾ ಉರಿ, ತುರಿಕೆ. ಡಾಕ್ಟರು ಕಣ್ಣಿಗೆ ಬಿಡುವ ಹನಿ ಬರೆದುಕೊಟ್ಟು, "ಒಂದ ವಾರ ಹಾಕ್ಕೋರಿ, ಆಮ್ಯಾಲ ಬಂದು ತೋರಿಸ್ರಿ" ಎಂದರು. ಎರಡೇ ದಿನಕ್ಕೆ ಉರಿ ಹೋಯಿತು. ನೋಡಿ, ಅಲ್ಲಿಗೆ ಡಾಕ್ಟರು ಬೇಡವಾದರು! ತುರಿಸಿದಾಗಲೆಲ್ಲ ಔಷಧದ ಅಂಗಡಿಯಿಂದ ಅದೇ ಬಾಟಲಿ ತರಿಸಿದ. ಒಂದು ವಾರದ ಔಷಧ ಮೂರು ವರ್ಷ ನಡೆಯಿತು. ಮೂರು ವರ್ಷ!

ಒಂದು ದಿನ ಬೀಗರ ಮನೆಯ ಪಂಕ್ತಿಯಲ್ಲಿ ಕೂತವನು ಗುಡುಗಿದ.

"ನನ್ನ ಎಲಿಗಷ್ಟ ಉಪ್ಪಿನಕಾಯಿ ಇಲ್ಲೇನು? ಬೀಗರಂದ್ರ ಇಷ್ಟ ಏನು ಮರ್ಯಾದಿ?"

ಬಡಿಸುವವನು ಕಕ್ಕಾಬಿಕ್ಕಿಯಾದ. "ಹಾಕೇನ್ರಿ ಸಾವ್ಕಾರ್ರ. ಅಲ್ಲೇ ಎಡಕ್ಕ ಐತಿ ನೋಡ್ರಿ."

ಉಪ್ಪು, ಉಪ್ಪಿನಕಾಯಿ, ಕೋಸಂಬರಿ ಎಲ್ಲ ಎಲೆಯಂಚಿನಲ್ಲೇ ಇದ್ದವು. ಅವನಿಗೆ ಕಂಡಿದ್ದು ನಡುವಿನ ಅನ್ನ ಮಾತ್ರ. ತಪ್ಪು ಒಪ್ಪಿಕೊಂಡನೇ? ಎಲ್ಲಿಯ ಮಾತು! ಬೆಳಕು ಸಾಲದೆಂದು ಬೀಗರನ್ನೇ ಗದರಿದ. ಬಾಗಿಲಿಗೆ ಭುಜ ಬಡಿದರೆ ಬಡಗಿಯ ತಪ್ಪು, ಹೊಸ್ತಿಲು ಎಡವಿದರೆ ಗೌಂಡಿಯ ತಪ್ಪು. ಕಣ್ಣಿನ ಮೇಲೆ ಒಂದು ದಿನವಾದರೂ ಅನುಮಾನ ಬಂತೇ? ಕೊನೆಗೆ ಹೆಂಡತಿಯೇ ಬೇಸತ್ತು ಡಾಕ್ಟರ ಹತ್ತಿರ ಎಳೆದುಕೊಂಡು ಹೋದಳು.

"ಈ ಹನಿ ಔಷಧದಾಗ ಸ್ಟೀರಾಯ್ಡ್ ಐತ್ರಿ" ಎಂದರು ಡಾಕ್ಟರು. "ಹಾಕ್ಕೊಂಡ ಹಾಕ್ಕೊಂಡ ಕಣ್ಣಿನ ಒತ್ತಡ ಏರಿ ನರ ಹಾಳಾಗ್ಯಾವ. ಗ್ಲಾಕೋಮಾ. ಇದರಾಗ ಮೊದಲ ಬದಿಯ ನೋಟ ಹೋಗ್ತೈತಿ. ಹೋದ ನೋಟ ತಿರುಗಿ ಬರೂದಿಲ್ಲ. ಉಳಿದದ್ದನ್ನ ಉಳಿಸ್ಕೋಬೇಕು."

"ಒಂದ ದಿನಾನೂ ನೋವಾಗಲಿಲ್ಲಲ್ರಿ!"

"ನೋಯೂದಿಲ್ಲ. ಅದಕ್ಕ ಬಂದು ತೋರಿಸ್ರಿ ಅಂದಿದ್ದೆ. ಮನ್ಯಾಗ ಮತ್ಯಾರರ ಇದನ್ನ ಹಾಕ್ಕೋತಾರೇನು?"

ಹೆಂಡತಿಯ ಕಣ್ಣು ಕೆಂಪಾದಾಗಲೆಲ್ಲ ಸಾಹುಕಾರನೇ ರೆಪ್ಪೆ ಬಿಡಿಸಿ ಅದೇ ಹನಿ ಬಿಟ್ಟಿದ್ದ, ಪ್ರೀತಿಯಿಂದಲೇ. ಪಕ್ಕದಲ್ಲೇ ನಿಂತಿದ್ದ ಅವಳ ಮುಖ ನೋಡಲು ಈಗ ಕತ್ತನ್ನು ಪೂರ್ತಿ ಹೊರಳಿಸಬೇಕಾಯಿತು. ಅವಳು ಅಳುತ್ತಿದ್ದಳು.

ಯಾಕೆ, ನಗು ನಿಂತುಹೋಯಿತೇ? ಉಪ್ಪಿನಕಾಯಿಗೆ ಜಗಳ ಮಾಡಿದಾಗ ಚೆನ್ನಾಗಿ ನಗುತ್ತಿದ್ದಿರಲ್ಲ! ಡಾಕ್ಟರ ಹಳೆಯ ಚೀಟಿ ಹಿಡಿದು ಅಂಗಡಿಗೆ ಓಡುವವರು ಯಾರು? ನಾನೇ? ನನಗೆ ಗುಣವಾಯಿತು, ನೀನೂ ಹಾಕಿಕೋ ಎಂದು ಓಣಿಗೆಲ್ಲ ಹಂಚುವವರು ಯಾರು? ದೇವರೇ ಕಣ್ಣು ಕಾಪಾಡು ಎಂದು ಬೇಡುತ್ತೀರಿ, ಮನೆಗೆ ಹೋಗಿ ಅದೇ ಬಾಟಲಿಯ ಮುಚ್ಚಳ ತೆಗೆಯುತ್ತೀರಿ. ಇನ್ನೆಷ್ಟು ಸಲ ಹೇಳಲಿ?

ನಿಮ್ಮ ಮನೆಯಲ್ಲಿರುವ ಬಾಟಲಿಯನ್ನು ನಾಳೆಯೇ ಡಾಕ್ಟರ ಮುಂದಿಡಿ. ಇದನ್ನು ಎಷ್ಟು ದಿನ ಹಾಕಬೇಕು ಎಂದು ಬಾಯಿಬಿಟ್ಟು ಕೇಳಿ. ಕಣ್ಣಿನ ಒತ್ತಡ ನೋಡಿಸಿಕೊಳ್ಳಿ. ಒಬ್ಬರ ಔಷಧ ಇನ್ನೊಬ್ಬರಿಗೆ ಬಿಡಬೇಡಿ. ಈಗಾಗಲೇ ಯಾರ ಕಣ್ಣಿಗಾದರೂ ಬಿಟ್ಟಿದ್ದರೆ, ನಾಚಿಕೆ ಬದಿಗಿಟ್ಟು ಮೊದಲು ಅವರನ್ನು ಕರೆದುಕೊಂಡು ಹೋಗಿ.