ತಳದಲ್ಲಿ ಉಳಿದ ಔಷಧಿ

ಆಸ್ಪತ್ರೆಯ ಔಷಧಿ ಕೌಂಟರಿನ ಸಾಲಿನಲ್ಲಿ ನನ್ನ ಮುಂದಿದ್ದ ಅಜ್ಜಿ, ಔಷಧಿ ಕೊಡುವಾಕೆಯ ಕೈ ಹಿಡಿದುಕೊಂಡರು.

“ಮೊಮ್ಮಗಳ ಜ್ವರ ಬಿಡ್ತು ಕಣಮ್ಮ. ನಿನ್ನ ಹೊಟ್ಟೆ ತಣ್ಣಗಿರಲಿ.”

“ಬಾಟ್ಲಿ ಅಲ್ಲಾಡಿಸಿ ಕೊಟ್ರಾ?”

“ನೀನು ಹೇಳಿದ ಮೇಲೆ ಪ್ರತಿ ಸಲ. ನೀರಲ್ಲಿ ಸಕ್ಕರೆ ಕರಗೋ ಹಾಗೆ ಇದೂ ಕರಗಿರುತ್ತೆ ಅಂದ್ಕೊಂಡಿದ್ದೆ.”

“ಈ ಪುಡಿ ಕರಗಲ್ಲ ಅಜ್ಜಿ. ಸುಮ್ನೆ ಇಟ್ರೆ ತಳಕ್ಕೆ ಕೂರುತ್ತೆ.”

“ಮೂರು ದಿನ ಬರೀ ಮೇಲಿನ ತಿಳಿ ಕುಡಿಸಿದೀನಿ ನೋಡು! ಅವತ್ತು ನೀನು ನನ್ನೊಬ್ಬಳನ್ನೇ ಪಕ್ಕಕ್ಕೆ ಕರೆದು ಹೇಳಿದೆ. ಸೊಸೆ ಮುಂದೆ ಬೈಲಿಲ್ಲ.”

“ಬೈದ್ರೆ ಜ್ವರ ಇಳಿಯುತ್ತಾ?”

“ಆದ್ರೂ ಮನೆಗೆ ಹೋಗಿ ನಾನೇ ಅವಳಿಗೆ ಹೇಳಿಬಿಟ್ಟೆ.”

“ಏನಂದ್ರು?”

“‘ಅತ್ತೆ, ಬೆಳಗಿನ ಡೋಸು ನಾನೂ ಅಲ್ಲಾಡಿಸದೇ ಕೊಡ್ತಿದ್ದೆ’ ಅಂತ ಅತ್ತುಬಿಟ್ಲು. ಇಬ್ಬರೂ ಅತ್ವಿ. ಆಮೇಲೆ ನಕ್ವಿ.”

ಬಾಗಿಲಿನಿಂದ ಸೊಸೆ “ಅತ್ತೆ, ಆಟೋ ಬಂತು” ಎಂದು ಕೂಗಿದಳು. ಅಜ್ಜಿ ಕೌಂಟರಿನಾಕೆಯ ಕೆನ್ನೆ ಸವರಿ ಹೊರಟರು.